ಲಿಂಗರಾಜ ಮಾಸ್ತರರ ತೋಳು

ಗೋಮತಿಪುರದ ಗಿರಣಿ ಚಾಳುಗಳಲ್ಲಿ ಲಿಂಗರಾಜ ಮಾಸ್ತರರನ್ನು ಅರಿಯದವರಿರಲಿಲ್ಲ. ಗದಗಿನ ಕಡೆಯವರು. ಹರೆಯದಲ್ಲಿ ಖಾದಿಯ ಹುಚ್ಚು ಹತ್ತಿ, ನೂಲುವುದನ್ನು ಕಲಿಯಲೆಂದು ಅಹಮದಾಬಾದಿಗೆ ಬಂದವರು ಮರಳಿ ಹೋಗಲಿಲ್ಲ. ಚಾಳಿನ ಮಗ್ಗುಲ ಶಾಲೆಯಲ್ಲಿ ನೇಯ್ಗೆ ಕಲಿಸುವ ಕೆಲಸ ಸಿಕ್ಕಿತು. ಊರಿಗೆ ಹೋಗಿ ಪಾರ್ವತಿಯನ್ನು ಲಗ್ನವಾಗಿ ಕರೆತಂದರು. ಮಕ್ಕಳಾಗಲಿಲ್ಲ. ಗಂಡಹೆಂಡಿರಿಗೆ ಚಾಳೇ ಬಳಗವಾಯಿತು.

ಅಲ್ಲಿ ಯಾರಿಗೆ ಜ್ವರ ಬಂದು ಮೈ ಸುಟ್ಟರೂ, ಹೊಟ್ಟೆ ಕೆಟ್ಟರೂ ಮೊದಲು ಬರುತ್ತಿದ್ದುದು ಮಾಸ್ತರರ ಮನೆಗೆ. ಅವರು ಔಷಧಿ ಕೊಡುವವರಲ್ಲ. ಹೊಟ್ಟೆಯ ಮೇಲೆ ಒದ್ದೆ ಮಣ್ಣಿನ ಪಟ್ಟಿ, ಒಂದು ದಿನದ ಉಪವಾಸ, ನಿಂಬೆ ಹಿಂಡಿದ ನೀರು. ಹೆಚ್ಚಿನವರು ತಾವಾಗಿ ಗುಣವಾಗುತ್ತಿದ್ದರು. ಆ ಯಶಸ್ಸು ಮಣ್ಣಿನ ಪಟ್ಟಿಗೂ ಮಾಸ್ತರರಿಗೂ ಸಲ್ಲುತ್ತಿತ್ತು.

ಲಸಿಕೆಯೆಂದರೆ ಮಾತ್ರ ಅವರ ಮುಖ ಗಂಟಾಗುತ್ತಿತ್ತು. ಅದಕ್ಕೆ ಕಾರಣ ಪುಸ್ತಕದಲ್ಲಿ ಓದಿದ್ದಲ್ಲ. ಚಿಕ್ಕಂದಿನಲ್ಲಿ ಅವರ ತಮ್ಮನಿಗೆ ದೇವಿ ಡಾಕ್ಟರು, ಅಂದರೆ ಊರೂರು ತಿರುಗಿ ಲಸಿಕೆ ಹಾಕುವವನು, ಸಿಡುಬಿನ ಲಸಿಕೆ ಹಾಕಿದ್ದ. ತೊಳೆಯದ ಒಂದೇ ಸೂಜಿಯಲ್ಲಿ ಸಾಲಾಗಿ ನಿಂತ ಮಕ್ಕಳನ್ನೆಲ್ಲ ಗೀರಿದ್ದ. ತಮ್ಮನ ತೋಳು ಬಾತು, ಕೀವಾಗಿ, ಕೊನೆಗೆ ಹುಡುಗ ಉಳಿಯಲಿಲ್ಲ. ತಾಯಿ ಆ ತೋಳಿಗೆ ಅರಿಷಿಣ ಮೆತ್ತುತ್ತ ಕೂತದ್ದನ್ನು ಲಿಂಗರಾಜರು ಬಾಗಿಲ ಹಿಂದಿನಿಂದ ನೋಡಿದ್ದರು. ದೇವಿ ಡಾಕ್ಟರು ಬಂದ ದಿನ ಹಿತ್ತಿಲಿಗೆ ಓಡಿ ಅಡಗಿದ್ದರಿಂದ ಅವರ ತೋಳು ಹಾಗೇ ನುಣುಪಾಗಿ ಉಳಿದಿತ್ತು.

೧೯೬೩ರ ಬೇಸಗೆಯಲ್ಲಿ ಸಿಡುಬು ಗಿರಣಿ ಓಣಿಗಳಿಗೆ ಹೊಕ್ಕಿತು. ಸಾಂಕ್ರಾಮಿಕ ರೋಗದ ಆಸ್ಪತ್ರೆಯಲ್ಲಿ ಮಂಚಗಳು ತುಂಬಿ, ಜಗಲಿ ತುಂಬಿ, ಬೇವಿನ ಮರದ ಕೆಳಗೂ ಚಾಪೆ ಹಾಸಿದ್ದಾರೆಂಬ ಸುದ್ದಿ ಬಂತು. ಶಾಲೆಗೆ ಬೀಗ ಬಿತ್ತು. ಮುನಿಸಿಪಾಲಿಟಿಯಿಂದ ಮೀರಾಬೆನ್ ಎಂಬ ಡಾಕ್ಟರು ಚಾಳಿನ ಚೌಕಕ್ಕೆ ಬಂದು, ಮೇಜು ಹಾಕಿ ಕೂತರು. ಪಾರ್ವತಿ ಮೊದಲ ದಿನವೇ ಹೋಗಿ ತೋಳು ಒಡ್ಡಿ ಬಂದಳು.

"ನನ್ನ ತ್ವಾಳು ನನ್ನದ ರೀ. ನಿಮ್ಮನ್ನ ಕೇಳಲಿಲ್ಲ," ಅಂದಳು.

"ಕೇಳೂದ್ಯಾಕ? ನಾ ಬ್ಯಾಡಂದಿಲ್ಲಲ್ಲ," ಅಂದರು ಮಾಸ್ತರರು.

ಆದರೆ ಅವಳ ಹಿಂದೆ ಹೆಚ್ಚು ಜನ ಹೋಗಲಿಲ್ಲ. ಆ ಸಂಜೆ ಚೌಕದಲ್ಲಿ ಸಭೆ ಸೇರಿತು. ಲಸಿಕೆ ಇಲ್ಲದವರನ್ನು ಗಿರಣಿಯೊಳಗೆ ಬಿಡಬಾರದೆಂದು ಒಬ್ಬ. ಹಾಗಾದರೆ ಜ್ವರ ಬಂದು ಪಾಳಿ ತಪ್ಪಿದವನಿಗೆ ಗಿರಣಿಯವರು ಅನ್ನ ಹಾಕುತ್ತಾರೆಯೇ ಎಂದು ಇನ್ನೊಬ್ಬ. ಸಂತೆ ಮುಚ್ಚಿಸಿ ಎಂದರೆ ತರಕಾರಿ ಮಾರುವ ಹೆಂಗಸರು ಎದ್ದು ನಿಂತರು. ಸಿಡುಬಿನ ದೇವಿ ಶೀತಳಾ ಮಾತೆ ಮುನಿದಿರುವಾಗ ಮೈ ಗೀರಿಸಿಕೊಂಡರೆ ಅವಳು ಇನ್ನಷ್ಟು ಮುನಿಯುತ್ತಾಳೆ ಎಂದಳು ಒಬ್ಬ ಅಜ್ಜಿ. ಮಾಸ್ತರರ ಹಳೆಯ ಗೆಳೆಯ, ನಿಸರ್ಗ ಚಿಕಿತ್ಸೆಯ ಹರಿಪ್ರಸಾದ, "ನನ್ನ ರಕ್ತದಲ್ಲಿ ಏನು ಬೆರೆಸಬೇಕೆಂದು ಸರಕಾರ ಹೇಳುವುದೇ?" ಎಂದು ಗುಡುಗಿದ. ಕಡೆಗೆ ಎಲ್ಲರೂ ಮಾಸ್ತರರತ್ತ ತಿರುಗಿದರು.

"ಒತ್ತಾಯ ಸಲ್ಲದು," ಅಂದರು ಅವರು. "ನಾನು ಹಾಕಿಸಿಕೊಳ್ಳುವುದಿಲ್ಲ. ಆದರೆ ಬೇಡವೆಂದವನಿಗೆ ಹತ್ತು ಮಂದಿಯ ನಡುವೆ ತಿರುಗುವ ಹಕ್ಕೂ ಇಲ್ಲ. ರೋಗ ಇಳಿಯುವವರೆಗೆ ಬಾಗಿಲು ಹಾಕಿಕೊಂಡು ಕೂರುತ್ತೇನೆ."

ನುಡಿದಂತೆ ನಡೆದರು. ಶಾಲೆಯ ಹಿಂದಿನ ಮಗ್ಗದ ಕೋಣೆಗೆ ಚಾಪೆ, ಚರಕ, ಒಂದು ಕೊಡ ನೀರು ಒಯ್ದರು. ಪಾರ್ವತಿ ಹೊಸ್ತಿಲಲ್ಲಿ ರೊಟ್ಟಿಯ ಗಂಟು ಇಟ್ಟು ದೂರ ನಿಂತು ಮಾತಾಡಿ ಹೋಗುತ್ತಿದ್ದಳು. ಮಾಸ್ತರರಿಗೆ ಮನಸ್ಸಿನಲ್ಲಿ ಒಂದು ನೆಮ್ಮದಿ ಇತ್ತು. ತಾನು ಯಾರಿಗೂ ಕೇಡು ಮಾಡುತ್ತಿಲ್ಲ ಎಂದುಕೊಂಡು ನೂಲುತ್ತಿದ್ದರು.

ಒಂದು ಮಧ್ಯಾಹ್ನ ಬಾಗಿಲ ಹೊರಗೆ ಪಾರ್ವತಿಯಲ್ಲದ ಹೆಜ್ಜೆ ಸಪ್ಪಳ ಕೇಳಿತು. ಪಕ್ಕದ ಮನೆಯ ರೇವಾಬೆನ್. ಅವಳ ಗಂಡ ಖೋಡಾಭಾಯಿ ಗಿರಣಿಯಲ್ಲಿ ಸಾಂಚೆ ಎಂಬ ಯಂತ್ರಮಗ್ಗ ನಡೆಸುವವನು. ಅವರ ಮಗಳು ಜಸು ಮಾಸ್ತರರ ಹತ್ತಿರ ತಕಲಿ ತಿರುಗಿಸಲು ಕಲಿತವಳು. ರೇವಾಬೆನ್ ತಲೆಯ ಮೇಲಿನ ಸೆರಗು ಹಣೆಗಿಳಿದಿತ್ತು.

"ಜಸು ಹೋದಳು, ಮಾಸ್ತರ್," ಅಂದಳು. "ಆಸ್ಪತ್ರೆಯಲ್ಲಿ ಮಂಚ ಇರಲಿಲ್ಲ. ಜಗಲಿಯಲ್ಲೇ ಮಲಗಿಸಿದ್ದೆವು."

ಮಾಸ್ತರರ ಕೈಯಲ್ಲಿದ್ದ ಎಳೆ ಹರಿಯಿತು. "ಲಸಿಕೆ..." ಅಂದರು.

"ಡಾಕ್ಟರ್‌ಬೆನ್ ನಮ್ಮ ಬಾಗಿಲಿಗೇ ಬಂದಿದ್ದರು. ಇವರು ಬೇಡ ಅಂದರು. ಮಾಸ್ತರೇ ಹಾಕಿಸಿಕೊಂಡಿಲ್ಲ, ನಮಗೆ ಯಾಕೆ ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಹೇಳಿದ್ದು ನನಗೆ ನೆನಪಿತ್ತು. ಬೇಡ ಅಂದವರು ಒಳಗಿರಬೇಕು ಅಂತ. ನೀವು ಇದ್ದಿರಿ. ನಾವು ಹೇಗೆ ಇರಬೇಕಿತ್ತು, ಮಾಸ್ತರ್? ಒಂದೇ ಕೋಣೆ. ಇವರು ಗಿರಣಿಗೆ ಹೋಗಬೇಕು, ನಾನು ನಲ್ಲಿಯ ಸಾಲಿಗೆ ನಿಲ್ಲಬೇಕು. ಮಗುವನ್ನು ಯಾವ ಬಾಗಿಲ ಹಿಂದೆ ಕೂರಿಸಬೇಕಿತ್ತು?"

ಅವಳು ಹೋದ ಮೇಲೆ ಮಾಸ್ತರರು ಆ ಕೋಣೆಯನ್ನು ಸುತ್ತ ನೋಡಿದರು. ನಾಲ್ಕು ಮಗ್ಗ, ಎರಡು ಕಿಟಕಿ, ಅವರೊಬ್ಬರೇ. ಚಾಳಿನಲ್ಲಾದರೆ ಇಷ್ಟು ಜಾಗದಲ್ಲಿ ನಾಲ್ಕು ಸಂಸಾರ ಬಾಳುತ್ತಿದ್ದವು. ತನ್ನ ವ್ರತವನ್ನು ಊರು ಪಾಲಿಸಲೆಂದು ಅವರು ಬಯಸಿದ್ದರು. ಊರಿನ ಕೈಗೆಟುಕಿದ್ದು ಅದರ ಸುಲಭದ ಅರ್ಧ ಮಾತ್ರ, ಲಸಿಕೆ ಬೇಡವೆನ್ನುವುದು.

ಅವರು ಎದ್ದು ನಡೆದರು. ಚೌಕದಲ್ಲಿ ಮೀರಾಬೆನ್ ಯಾರೂ ಬಾರದ ಮೇಜಿನ ಮುಂದೆ ಕೂತಿದ್ದರು. ಮಾಸ್ತರರು ಯಾರ ಮೈಗೂ ತಾಗದಂತೆ ದೂರ ನಿಂತು ಅಂಗಿಯ ತೋಳು ಮಡಚಿದರು. ಬಾಗಿಲುಗಳಲ್ಲಿ ತಲೆಗಳು ಕಂಡವು. ಹರಿಪ್ರಸಾದ ಓಡಿ ಬಂದ.

"ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳೇನು, ಲಿಂಗರಾಜ? ಹೆದರಿದೆಯಾ?"

"ನನಗೆ ಇದರಲ್ಲಿ ಇವತ್ತೂ ನಂಬಿಕೆ ಇಲ್ಲ," ಅಂದರು ಮಾಸ್ತರರು. "ಆದರೆ ನನ್ನ ಬರಿ ತೋಳಿನ ನೆಪದಲ್ಲಿ ಇನ್ನೊಂದು ಮಗು ಸಾಯಬಾರದು."

ಮೀರಾಬೆನ್ ಸೂಜಿಯನ್ನು ದೀಪದ ಉರಿಯಲ್ಲಿ ಕಾಯಿಸಿ ಆರಿಸಿದರು. ಮಾಸ್ತರರು ಕಣ್ಣು ಮುಚ್ಚಿದರು. ಗೀರಿದಾಗ ಅವರ ಬಾಯಿಂದ ತಮ್ಮನ ಹೆಸರು ಬಂತು. ಅಲ್ಲಿದ್ದ ಯಾರಿಗೂ ಅದು ಯಾರೆಂದು ಗೊತ್ತಿರಲಿಲ್ಲ.

ಆ ದಿನ ಕೆಲವರು ಬಂದರು, ಮರುದಿನ ಸಾಲು ಬೆಳೆಯಿತು. ಕೆಲವು ಬಾಗಿಲುಗಳು ತೆರೆಯಲೇ ಇಲ್ಲ. ಮಾಸ್ತರರಿಗೆ ಜ್ವರ ಏರಿ ತೋಳು ಬಾತಿತು. ಪಾರ್ವತಿ ಪಕ್ಕದಲ್ಲೇ ಕೂತು, "ನಿಮ್ಮ ತಮ್ಮನಂಗ ಆಗೂದಿಲ್ಲ, ನಾ ಅದೀನಿ," ಎಂದು ಮತ್ತೆ ಮತ್ತೆ ಹೇಳಿದಳು. ಗುಳ್ಳೆ ಹಣ್ಣಾಗಿ, ಒಣಗಿ, ಹಕ್ಕಳೆ ಉದುರಿತು.

ಆಮೇಲೆ ಅವರು ಆಸ್ಪತ್ರೆಗೆ ಹೋಗಿ ಕೆಲಸ ಕೇಳಿದರು. ನರ್ಸುಗಳು ನಿದ್ದೆಯಿಲ್ಲದೆ ಬಸವಳಿದಿದ್ದರು, ಬೇಡವೆನ್ನಲಿಲ್ಲ. ಜಗಲಿಯಲ್ಲಿ ಮಲಗಿದವರಿಗೆ ನೀರು ಕುಡಿಸುವುದು, ಬೇವಿನ ಸೊಪ್ಪಿನಿಂದ ನೊಣ ಓಡಿಸುವುದು, ಒದ್ದೆ ಬಟ್ಟೆಯಿಂದ ಮೈ ಒರೆಸುವುದು. ಒರೆಸುವಾಗ ಕಣ್ಣು ತಾನಾಗಿ ತೋಳಿಗೆ ಹೋಗುತ್ತಿತ್ತು. ಗುಳ್ಳೆಗಳ ನಡುವೆ ಲಸಿಕೆಯ ಗುರುತನ್ನು ಹುಡುಕುತ್ತಿದ್ದರು. ಒಬ್ಬಿಬ್ಬರು ಮುದುಕರಿಗೆ ಬಾಲ್ಯದ ಮಾಸಿದ ಗುರುತಿತ್ತು. ಅವರು ಎದ್ದು ಕೂತು ಚಹಾ ಕೇಳುತ್ತಿದ್ದರು. ಉಳಿದವರ ತೋಳಿನಲ್ಲಿ ಗುರುತಿರಲಿಲ್ಲ.

ಒಂದು ಸಂಜೆ ಮನೆಗೆ ಬಂದು ಊಟಕ್ಕೆ ಕೂತವರು ರೊಟ್ಟಿ ಮುರಿಯಲಿಲ್ಲ.

"ನನ್ನ ತಮ್ಮನ್ನ ಕೊಂದದ್ದು ಹೊಲಸು ಸೂಜಿ, ಪಾರ್ವತಿ. ನಾ ಲಸಿಕಿಯನ್ನ ದ್ವೇಷ ಮಾಡಿದೆ."

"ಅದನ್ನ ನನಗ ಹೇಳಿದ್ರ ಏನ್ಬಂತು?" ಅಂದಳು ಪಾರ್ವತಿ. "ಹೇಳಬೇಕಾದವರು ಬಾಜೂ ಮನ್ಯಾಗ ಅದಾರ."

ಮಾಸ್ತರರು ಎದ್ದು ಹೋದರು. ಖೋಡಾಭಾಯಿ ಪಾಳಿ ಮುಗಿಸಿ ಬಂದು ಹೊಸ್ತಿಲಲ್ಲಿ ಕೂತಿದ್ದ. ಕೂದಲಲ್ಲಿ ಹತ್ತಿಯ ಧೂಳು ಹಾಗೇ ಇತ್ತು. ಮಾಸ್ತರರು ಅವನೆದುರು ನೆಲದ ಮೇಲೆ ಕೂತು, "ನಾನು ತಿಳಿದದ್ದು ತಪ್ಪಾಗಿತ್ತು, ಖೋಡಾಭಾಯಿ," ಅಂದರು.

ಖೋಡಾಭಾಯಿ ಅವರನ್ನು ನೋಡಲಿಲ್ಲ. "ನೀವು ಹೇಳಿದ್ದರೆ ಹಾಕಿಸುತ್ತಿದ್ದೆ," ಅಂದ. ತಲೆಯ ಧೂಳು ಕೊಡವುತ್ತ, "ನನಗೂ ಬುದ್ಧಿ ಇತ್ತು," ಅಂದ.

ಅವನು ಏಳಿ ಎನ್ನಲಿಲ್ಲ, ಇರಿ ಎನ್ನಲೂ ಇಲ್ಲ. ಮಾಸ್ತರರು ಕೂತೇ ಇದ್ದರು. ಒಳಗಿನಿಂದ ರೇವಾಬೆನ್ ಎರಡು ಲೋಟ ನೀರು ತಂದು ಇಬ್ಬರ ನಡುವೆ ಇಟ್ಟು ಹೋದಳು.