ಗಾಡಿಯ ಹಿಂದೆ ನಿಲ್ಲುವ ಮೇಸ್ತ್ರಿ

ಕುರುಗೋಡಿನ ಗುಡ್ಡದ ಬುಡದಲ್ಲಿ ವಿರೂಪಾಕ್ಷಿ ಮೇಸ್ತ್ರಿಯ ಗ್ಯಾರೇಜಿದೆ. ಗ್ಯಾರೇಜು ಅಂದರೆ ನಾಲ್ಕು ತಗಡು, ಒಂದು ಬೇವಿನ ಮರ, ಎರಡು ಜಾಕು, ಅಷ್ಟೇ. ಪಕ್ಕದಲ್ಲೇ ಗುಡ್ಡದ ಕಡೆ ಹೋಗುವ ಕಡಿದಾದ ಏರು. ಹ್ಯಾಂಡ್‌ಬ್ರೇಕ್ ರಿಪೇರಿಗೆ ಬಂದ ಗಾಡಿಯನ್ನು ಅವನು ಸುಮ್ಮನೆ ಒಪ್ಪಿಸಿ ಕಳಿಸುವವನಲ್ಲ. ಹಿಂದುಗಡೆ ಮರಳಿನ ಚೀಲ ಹೇರಿ, ಏರಿನ ನಡುಮಧ್ಯ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ ಇಳಿದು ಬಾ ಅನ್ನುತ್ತಾನೆ ಡ್ರೈವರನಿಗೆ. ಆಮೇಲೆ ತಾನು ಹೋಗಿ ಗಾಡಿಯ ಹಿಂದೆ, ಒಂದು ಮೊಳ ದೂರದಲ್ಲಿ, ಗಾಡಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಒಂದು ಬೀಡಿ ಸೇದಿ ಮುಗಿಯುವ ತನಕ ಅಲ್ಲಿಂದ ಕದಲುವುದಿಲ್ಲ.

ನೋಡಿದವರು ನಗುತ್ತಾರೆ. ಮೇಸ್ತ್ರಿಗೆ ಜೀವ ಬೇಸರವಾಗಿದೆ ಅಂತ ಹೋಟೆಲಿನಲ್ಲಿ ಆಡಿಕೊಳ್ಳುತ್ತಾರೆ. ಹೆಂಡತಿ ದಾಕ್ಷಾಯಣಿಯೊಬ್ಬಳು ನಗುವುದಿಲ್ಲ. ಅವಳಿಗೆ ಕಾರಣ ಗೊತ್ತಿದೆ, ಅವಳಿಗೆ ಮಾತ್ರ.

ಕುರುಗೋಡಿಗೆ ಬರುವ ಮುಂಚೆ ಇಪ್ಪತ್ತೆರಡು ವರ್ಷ ಅವನು ಕೆಲಸ ಮಾಡಿದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಅನ್ನುವ ಹೆಸರಿತ್ತು. ಇನ್ನೊಂದು ಕೆಲಸಕ್ಕೂ ಹೆಸರಿತ್ತು, ಅದನ್ನು ಯಾರೂ ಬೋರ್ಡಿನ ಮೇಲೆ ಬರೆಸುವುದಿಲ್ಲ. ನಮ್ಮ ಜನ ಹೇಗೆಂದರೆ, ಹಾರ್ನ್ ಕೆಟ್ಟರೆ ಅದೇ ದಿನ ಗ್ಯಾರೇಜಿಗೆ ಓಡಿ ಬರುತ್ತಾರೆ. ಹ್ಯಾಂಡ್‌ಬ್ರೇಕ್ ಕೆಟ್ಟರೆ ಒಂದು ಕಲ್ಲು ಹುಡುಕಿಕೊಂಡು ಗಾಡಿಯಲ್ಲಿಟ್ಟುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಆರ್‌ಟಿಓದವರಿಗೆ ಗಾಡಿ ತೋರಿಸಿ ಎಫ್‌ಸಿ ಮಾಡಿಸುವ ದಿನ ಬಂದಾಗ ಮಾತ್ರ ಅವರಿಗೆ ಅದರ ನೆನಪು. ಆಗ ವಿರೂಪಾಕ್ಷಿಯ ಹತ್ತಿರ ಬರುತ್ತಿದ್ದರು. ಅವನು ಗಾಡಿಯ ಕೆಳಗೆ ನುಸುಳಿ, ಕೇಬಲ್ಲಿನ ನಟ್ಟನ್ನು ಕೊನೆಯವರೆಗೂ ಬಿಗಿದು, ಸವೆದ ಬ್ರೇಕು ಆ ಒಂದು ದಿನ ಹಿಡಿಯುವ ಹಾಗೆ ಮಾಡಿ ಕೊಡುತ್ತಿದ್ದ. ಹಾಗೆ ಬಿಗಿದರೆ ಗಾಲಿ ಉಜ್ಜುತ್ತದೆ, ಡೀಸೆಲ್ ಕುಡಿಯುತ್ತದೆ. ಆದ್ದರಿಂದ ಎಫ್‌ಸಿ ಆದ ಮರುದಿನ ಅದೇ ಗಾಡಿ ವಾಪಸ್ ಬರುತ್ತಿತ್ತು, ಅವನೇ ಸಡಿಲ ಮಾಡಿ ಕಳಿಸುತ್ತಿದ್ದ. ಇದರಲ್ಲಿ ತಪ್ಪೇನಾದರೂ ಇದೆ ಅಂತ ಅವನಿಗೆ ಯಾವತ್ತೂ ಅನ್ನಿಸಲಿಲ್ಲ. ಬೇರೆಯವರು ಎರಡು ಸಲ ಮಾಡಿದರೂ ನಿಲ್ಲದ್ದು ತನ್ನ ಕೈಯಲ್ಲಿ ಒಂದೇ ಸಲಕ್ಕೆ ನಿಲ್ಲುತ್ತದೆ ಅಂತ ಹೆಮ್ಮೆಯೇ ಇತ್ತು.

ಹೋದ ವರ್ಷ ಸಿರುಗುಪ್ಪದ ಚನ್ನಬಸವರಾಜ ಅನ್ನುವ ಸಾಹುಕಾರರ ಹಳೆಯ ಪಿಕಪ್ಪಿಗೆ ಹೀಗೇ ಮಾಡಿ ಕೊಟ್ಟ. ಸಡಿಲ ಮಾಡುವಾಗ ನಟ್ಟು ಇದ್ದಲ್ಲಿಂದ ಕದಲಬಾರದು ಅಂತ ಅದರ ಮೇಲೆ ಇನ್ನೊಂದು ನಟ್ಟು ಕೂರಿಸಿದ. ಅದು ಅವನದೇ ಪದ್ಧತಿ. ಎರಡು ತಿಂಗಳಾದ ಮೇಲೆ, ಭತ್ತದ ಕೊಯ್ಲಿನ ಹೊತ್ತಿನಲ್ಲಿ, ಕರೂರಿನ ಹತ್ತಿರ ಕಾಲುವೆ ದಂಡೆಯ ಏರಿನಲ್ಲಿ ಆ ಗಾಡಿ ನಿಂತಿತ್ತು. ಗಾಲಿಗೆ ಕೊಟ್ಟ ಕಲ್ಲು ಕೆಸರಿನಲ್ಲಿ ಜಾರಿತು, ಬ್ರೇಕು ಹಿಡಿಯಲಿಲ್ಲ, ಗಾಡಿ ಹಿಂದಕ್ಕೆ ಉರುಳಿತು. ಹಿಂದೆ ನಿಂತು ಚೀಲ ಇಳಿಸಿಕೊಳ್ಳುತ್ತಿದ್ದ ಹೆಂಗಸರಲ್ಲಿ ಉಳಿದವರೆಲ್ಲ ಅತ್ತಿತ್ತ ಹಾರಿದರು. ಪಕ್ಕೀರಮ್ಮ ಅನ್ನುವಾಕೆಯ ತಲೆಯ ಮೇಲೆ ಚೀಲವಿತ್ತು, ಹಾರಲಾಗಲಿಲ್ಲ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಈ ಸುದ್ದಿ ಅವನಿಗೆ ಚಹಾದಂಗಡಿಯಲ್ಲಿ ಯಾರೋ ಡ್ರೈವರನ ಬಾಯಿಂದ ಬಂತು. ಯಾರೂ ಅವನ ಹೆಸರೆತ್ತಲಿಲ್ಲ. ಸಾಹುಕಾರರು ಕಲ್ಲನ್ನು ಬೈದರು, ಡ್ರೈವರನ್ನು ಬೈದರು, ಊರಿನವರು ಹಣೆಬರಹ ಅಂದರು. ವಿರೂಪಾಕ್ಷಿ ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲಲ್ಲಿ ನಿಂತು ಆಕೆಯನ್ನು ನೋಡಿದ. ಯಾರು ಬೇಕಿತ್ತು ಅಂತ ಪಕ್ಕದವರು ಕೇಳಿದಾಗ, ವಾರ್ಡು ತಪ್ಪಿತು ಅಂತ ಸುಳ್ಳು ಹೇಳಿ ಇಳಿದು ಬಂದ. ಒಂದು ತಿಂಗಳೊಳಗೆ ಕೌಲ್ ಬಜಾರಿನ ಅಂಗಡಿ ಖಾಲಿ ಮಾಡಿ ಹುಟ್ಟಿದೂರಿಗೆ ಬಂದುಬಿಟ್ಟ. ಗಾಡಿಯ ಹಿಂದೆ ನಿಲ್ಲುವುದು ಶುರುವಾದದ್ದು ಆಮೇಲೆ. ಆದರೆ ಹಿಂದೆ ನಿಂತಷ್ಟಕ್ಕೆ ಹೇಳಬೇಕಾದ್ದನ್ನು ಹೇಳಿದ ಹಾಗಾಗುವುದಿಲ್ಲವಲ್ಲ. ಅದು ಅವನಿಗೂ ಗೊತ್ತಿತ್ತು.

ಮೊನ್ನೆ ಒಂದು ಬುಧವಾರ ಬೆಳಿಗ್ಗೆ ಆ ಪಿಕಪ್ಪು ಬಂದು ಬೇವಿನ ಮರದ ಕೆಳಗೆ ನಿಂತಿತು. ಬಣ್ಣ ಬದಲಾಗಿತ್ತು, ಅವನಿಗೆ ಗುರುತು ಹತ್ತಲಿಲ್ಲ. ಇಳಿದವನು ಇಪ್ಪತ್ತೈದರ ಹುಡುಗ, ಹೆಸರು ಪರಶು ಅಂದ. ತಾಯಿಯ ಕೃತಕ ಕಾಲಿಗೆ ಅಳತೆ ಕೊಟ್ಟು ಬಳ್ಳಾರಿಯಿಂದ ಊರಿಗೆ ಹೊರಟಿದ್ದೇವೆ, ಹ್ಯಾಂಡ್‌ಬ್ರೇಕಿಗೆ ನೀವೇ ಸರಿ ಅಂತ ದಾರಿಯಲ್ಲಿ ಯಾರೋ ಹೇಳಿದರು ಅಂದ.

"ಮುಂದಿನ ವಾರ ಎಫ್‌ಸಿ ಐತ್ರಿ ಮೇಸ್ತ್ರಿ. ಅವತ್ತೊಂದಿನ ಹಿಡಿಯಂಗ ಮಾಡಿಕೊಡ್ರಿ, ಸಾಕು. ಆಮ್ಯಾಲ ಕಲ್ಲು ಕೊಟ್ಕಂತೀನಿ."

ಒಂದು ದಿನಕ್ಕಷ್ಟೇ ಹಿಡಿಯುವ ಕೆಲಸ ತಾನು ಮಾಡುವುದಿಲ್ಲ, ಪೂರ್ತಿ ಮಾಡಿಸುವುದಾದರೆ ಗಾಡಿ ಬಿಡು ಅಂತ ಹೇಳಿ ವಿರೂಪಾಕ್ಷಿ ಗಾಡಿಯ ಕೆಳಗೆ ನುಸುಳಿದ. ಕೇಬಲ್ಲಿನ ತುದಿಯಲ್ಲಿ ಒಂದರ ಮೇಲೊಂದು ಎರಡು ನಟ್ಟು ಕೂತಿದ್ದವು. ಅವನು ಬಿಟ್ಟ ಹಾಗೇ ಇದ್ದವು, ಒಂದು ವರ್ಷ ಯಾರೂ ಮುಟ್ಟಿರಲಿಲ್ಲ. ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿ ಹೊರಗೆ ಬಂದ. ಗಾಡಿ ಎಲ್ಲಿಯದು ಅಂತ ಕೇಳಿದ. ಕರೂರಿನದು ಅಂದ ಪರಶು. ಹಿರಿಯರು ಕೂಡಿ ಮಾತಾಡಿ, ಅವ್ವನ ಕಾಲಿನ ಬದಲಿಗೆ ಅಂತ ಸಾಹುಕಾರರಿಂದ ಗಾಡಿ ಕೊಡಿಸಿದ್ದರು. ಈಗ ಮನೆ ನಡೆಯುವುದು ಇದರಿಂದಲೇ. ಕಾಲು ತೆಗೆದ ಗಾಡಿಯೇ ಅನ್ನ ಹಾಕುತ್ತಿದೆ. ಮುಂದಿನ ಸೀಟಿನಲ್ಲಿ ಪಕ್ಕೀರಮ್ಮ ಕೂತಿದ್ದಳು, ಮಡಿಲಲ್ಲಿ ಊರುಗೋಲು ಇಟ್ಟುಕೊಂಡು.

ದಾಕ್ಷಾಯಣಿ ಆಕೆಯನ್ನು ಇಳಿಸಿ, ನೆರಳಿಗೆ ಕುರ್ಚಿ ಹಾಕಿ, ನೀರು ಕೊಟ್ಟಳು. ಆಕೆ ಯಾರೆಂದು ಗಂಡನ ಮುಖ ನೋಡಿಯೇ ಅವಳಿಗೆ ತಿಳಿದುಹೋಗಿತ್ತು.

ಅವನು ಹಿಂದಿನ ಎರಡೂ ಗಾಲಿ ಬಿಚ್ಚಿದ, ಡ್ರಮ್ಮು ಕಳಚಿದ. ಎಡಗಡೆ ಬ್ರೇಕ್ ಆಯಿಲು ಸೋರಿ, ಡ್ರಮ್ಮನ್ನು ಒತ್ತಿ ಹಿಡಿಯಬೇಕಾದ ಲೈನರು ಜಿಡ್ಡು ಕುಡಿದಿತ್ತು. ಬಲಗಡೆಯದು ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. ಕೇಬಲ್ಲು ಕವಚದೊಳಗೇ ತುಕ್ಕು ಹಿಡಿದು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಹೀಗೇ ಇರುತ್ತದೆ ಅಂತ ಅವನಿಗೆ ಹೋದ ವರ್ಷವೇ ಗೊತ್ತಿತ್ತು. ಈಗ ಒಂದೊಂದಾಗಿ ಎಲ್ಲ ತೆಗೆದು ಹೊಸದು ಹಾಕಿದ. ಸೋರುವ ಕಡೆ ರಬ್ಬರು ಬದಲಿಸಿದ. ಲೀವರು ಎಳೆದರೆ ಕಟಕಟ ಅಂತ ಐದನೇ ಹಲ್ಲಿಗೆ ಗಟ್ಟಿಯಾಗಿ ನಿಂತಿತು. ಕೆಲಸ ಆದ ಮೇಲೆ ಚೀಲ ಹೇರಿ, ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ, ಯಾವತ್ತಿನ ಹಾಗೆ ಹಿಂದೆ ಹೋಗಿ ನಿಂತ. ಅವತ್ತು ಬೀಡಿ ಹಚ್ಚಲಿಲ್ಲ.

ಅದನ್ನು ನೋಡಿ ಪಕ್ಕೀರಮ್ಮ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು.

"ಮೇಸ್ತ್ರಿ, ಅಲ್ಲಿ ನಿಲ್ಲಬ್ಯಾಡ್ರಿ. ಈ ಗಾಡಿ ಹಿಂದ ಯಾರೂ ನಿಲ್ಲಬಾರ್ದು. ಈಚಿ ಬರ್ರಿ."

ಅವನು ಬಂದ. ಬಂದು ಆಕೆಯ ಎದುರಿಗೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಆಸ್ಪತ್ರೆಯ ಬಾಗಿಲಿಂದ ವಾಪಸ್ ಬಂದವನಿಗೆ ಈಗ ಹಿಂದಕ್ಕೆ ಹೋಗಲು ಜಾಗವಿರಲಿಲ್ಲ.

"ಯಕ್ಕಾ, ಹ್ವಾದ ವರ್ಷ ಈ ಗಾಡಿ ಬ್ರೇಕು ಸಡ್ಲ ಮಾಡಿದಾವ ನಾನಾ. ಹಿಡಿಯಂಗಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದಾ ಮಾಡಿ ಕೊಟ್ಟೆ."

ಪರಶು ಒಂದು ಹೆಜ್ಜೆ ಮುಂದೆ ಬಂದ. ಅವನ ಮುಷ್ಟಿ ಬಿಗಿದಿತ್ತು. ತಾಯಿ ಕೈ ಅಡ್ಡ ಹಿಡಿದಳು. ಏರಿನ ಮೇಲೆ ಗಾಡಿ ಅಲುಗಾಡದೆ ನಿಂತಿತ್ತು. ಪಕ್ಕೀರಮ್ಮ ಆ ಗಾಡಿಯನ್ನು ನೋಡಿದಳು, ಬಿಚ್ಚಿ ರಾಶಿ ಹಾಕಿದ್ದ ಹಳೆಯ ಸಾಮಾನು ನೋಡಿದಳು. ಬೈಯುತ್ತಾಳೆ ಅಂದುಕೊಂಡಿದ್ದ ವಿರೂಪಾಕ್ಷಿ. ಮಗನ ಕೈಯಲ್ಲಿ ಹೊಡೆಸಿದರೂ ಹೊಡೆಸಲಿ ಅಂತ ತಲೆ ತಗ್ಗಿಸಿದ್ದ. ಆಕೆ ಒಂದೇ ಒಂದು ಮಾತು ಕೇಳಿದಳು, ದನಿ ಏರಿಸದೆ.

"ಇವತ್ತು ಮಾಡಿದ್ರಲ್ಲ, ಈ ಕೆಲಸ. ಅವತ್ತಾ ಮಾಡಿದ್ರ ಎಷ್ಟೊತ್ತು ಹಿಡೀತಿತ್ತು?"

ಸುಳ್ಳು ಹೇಳಬಹುದಿತ್ತು. ಸಾಮಾನು ಸಿಗುತ್ತಿರಲಿಲ್ಲ, ಎರಡು ದಿನ ಬೇಕಾಗುತ್ತಿತ್ತು, ಸಾಹುಕಾರರು ಒಪ್ಪುತ್ತಿರಲಿಲ್ಲ ಅನ್ನಬಹುದಿತ್ತು. ಅವನು ಅನ್ನಲಿಲ್ಲ.

"ಮೂರು ತಾಸು, ಯಕ್ಕಾ."

"ಮೂರು ತಾಸು," ಅಂದಳು ಪಕ್ಕೀರಮ್ಮ. ಎಬ್ಬಿಸಲು ದಾಕ್ಷಾಯಣಿ ಕೊಟ್ಟ ಕೈ ಹಿಡಿದಳು, ಮೇಸ್ತ್ರಿ ಚಾಚಿದ ಕೈಯನ್ನು ಹಿಡಿಯಲಿಲ್ಲ. ಗಾಡಿ ಸಿರುಗುಪ್ಪದ ದಾರಿ ಹಿಡಿದು ಹೋಯಿತು. ವಿರೂಪಾಕ್ಷಿ ಕೂತಲ್ಲಿಯೇ ಕೂತಿದ್ದ, ಊಟಕ್ಕೆ ಕರೆದರೂ ಏಳಲಿಲ್ಲ.