ಜಂಬಕ್ಕನ ಹಿತ್ತಲ ಮಲ್ಲಿಗೆ

ಹಡಗಲಿಯ ಗೊಬ್ಬರದಂಗಡಿಯಲ್ಲಿ ಸಂಬಳಕ್ಕಿದ್ದ ಮೌನೇಶನ ಗಿಡದ ವಿದ್ಯೆಯೆಲ್ಲ ಗೊಬ್ಬರದ ಚೀಲದ ಹಿಂದೆ ಅಚ್ಚಾದದ್ದು. ಜನ ಗಿಡದ ಡಾಕ್ಟರ್ ಅಂದರೆ ಬೇಡವೆನ್ನುತ್ತಿರಲಿಲ್ಲ, ಅಷ್ಟೇ. ಹೂ ಕಟ್ಟಿ ಮಾರುವ ಜಂಬಕ್ಕ, ಹಿತ್ತಲ ಮಲ್ಲಿಗೆಯ ಎಲೆ ಹಳದಿಯಾಗಿವೆ, ಹೆಂಗಾರ ಉಳಿಸು ಅಂದಾಗ ಠೀವಿಯಿಂದ ಯೂರಿಯಾ ಕೊಟ್ಟ. ಎಲೆ ಇನ್ನಷ್ಟು ಉದುರಿದವು.

ಕೊನೆಗೆ ಬುಡ ಕೆದಕಿದ. ಕೆಸರು, ಬೇರು ಕೊಳೆತು ನಾರುತ್ತಿತ್ತು.

"ಎಷ್ಟು ನೀರು ಹಾಕ್ತೀಯವ್ವಾ?"

"ದಿನಾ ಸಂಜಿಗೆ ಎರಡು ಕೊಡ. ನನ್ನ ಮಗಳು ಹುಲಿಗೆಮ್ಮ ಹಚ್ಚಿದ ಗಿಡ. ಜ್ವರದಾಗ ನೀರು ನೀರು ಅಂತಾನ ಸತ್ಲು. ಜ್ವರದಾಗ ನೀರು ಕೊಡಬ್ಯಾಡ ಅಂತ ಹಿರ್ಯಾರು ಅಂದಿದ್ರು, ನಾ ಕೊಡಲಿಲ್ಲ."

"ಹಿಂಗ ಹಾಕಿದ್ರ ಗಿಡಾನೂ ಸಾಯ್ತೈತಿ."

"ನಿಲ್ಲಿಸಿದ್ರ ಅಕಿ ಎಲ್ಲಿ ಕುಡೀಬೇಕೋ ತಮ್ಮಾ?"

"ಅಕಿಗೆ ಗೋಡಿ ಮ್ಯಾಲ ಒಂದು ತಂಬಿಗಿ ನೀರು ಇಡು," ಅಂದುಬಿಟ್ಟ. ಕೊಳೆತ ಬೇರು ಕತ್ತರಿಸಿ, ಬುಡಕ್ಕೆ ಮರಳು ಬೆರೆಸಿದ ಮಣ್ಣು ಹಾಕಿ, ನೀರು ಹರಿದುಹೋಗಲು ಕಾಲುವೆ ತೋಡಿದ.

ತಿಂಗಳಾದ ಮೇಲೆ ಹೋದರೆ ಹಸಿರು ಚಿಗುರು. ಗೋಡೆಯ ಮೇಲೆ ತಂಬಿಗೆ ಬೋರಲಾಗಿತ್ತು.

"ಕಾಗಿ ಕೆಡವಿರಬೇಕು ಬಿಡವ್ವಾ."

"ಕಾಗಿ ಕೆಡವಿದ್ರ ನೆಲಕ್ಕ ಬೀಳ್ತಿತ್ತು. ಕುಡಿದು ಬೋರಲು ಹಾಕೋದು ಅಕಿ ರೂಢಿ. ದಿನಾ ಹಿಂಗ."

ಜಂಬಕ್ಕ ತಂಬಿಗೆಯನ್ನು ಮತ್ತೆ ತುಂಬಿಟ್ಟಳು. ಸೈಕಲ್ ಹತ್ತಿದ ಮೌನೇಶ ಓಣಿ ತುದಿಯ ಎಸ್‌ಟಿಡಿ ಬೂತು ದಾಟುವವರೆಗೂ ಹಿಂತಿರುಗಿ ನೋಡಲಿಲ್ಲ.