ಬೇರೆಯವರ ಹೆಸರಲ್ಲಿ ಹೊಳೆ ದಾಟಿದ ಹೊನ್ನತ್ತಿ

ಹೊನ್ನತ್ತಿಗೆ ಹದಿನಾಲ್ಕು ಬಗೆಯಾಗಿ ಕೆಮ್ಮಲು ಬರುತ್ತಿತ್ತು. ಅವುಗಳಲ್ಲಿ ಒಂದು ಕೆಮ್ಮೂ ಅವಳದಲ್ಲ. ಗೌಡರ ತಾಯಿಯ ಕೆಮ್ಮು ಒಣಗಿದ್ದು. ಬಾಗಿಲು ತಟ್ಟಿದಂತೆ ಮೂರು ಸಲ ಬಂದು ನಿಂತುಬಿಡುತ್ತಿತ್ತು. ಮೇಲಿನ ಓಣಿಯ ಸಿದ್ದವ್ವನದು ನಗುವಿನ ಹಾಗೆ ಶುರುವಾಗಿ ಅಳುವಿನ ಹಾಗೆ ಮುಗಿಯುತ್ತಿತ್ತು. ಕೆಮ್ಮಷ್ಟೇ ಅಲ್ಲ, ಸೊಂಟ ಹಿಡಿದವರ ನಡಿಗೆ, ಕಣ್ಣು ಮಂಜಾದವರು ಬೆಳಕಿನ ಕಡೆಗೆ ಮುಖ ತಿರುಗಿಸುವ ರೀತಿ, ಜ್ವರದವರು ತುಟಿ ನೆಕ್ಕಿಕೊಳ್ಳುವುದು, ಎಲ್ಲವೂ ಅವಳ ಮೈಗೆ ಗೊತ್ತಿತ್ತು. ಅವಳು ಮಾತ್ರ ಜಡ್ಡೆಂದು ಮಲಗಿದ್ದನ್ನು ಎಷ್ಟೋ ವರ್ಷ ನಾವು ಯಾರೂ ಕಂಡಿರಲಿಲ್ಲ.

ಇದು ನಲವತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಊರು ಇರಕಲ್ಲಗಡ. ನಾವು ನಿಜಾಮರ ರಾಜ್ಯದವರು. ತುಂಗಭದ್ರೆಯ ಆಚೆ ದಂಡೆ ಇಂಗ್ರೇಜಿಯವರದು. ಬೇರೆ ಸರಕಾರ, ಬೇರೆ ನಾಣ್ಯ, ಬೇರೆ ಪೊಲೀಸರು. ಹೊಳೆ ದಾಟುವುದನ್ನು ಹಿರಿಯರು ‘ಪರರಾಜ್ಯಕ್ಕೆ ಹೋಗೂದು’ ಎನ್ನುತ್ತಿದ್ದರು; ಹಾಗೆನ್ನುವಾಗ ದನಿ ತಗ್ಗಿಸುತ್ತಿದ್ದರು. ಆ ಪರರಾಜ್ಯದ ದಂಡೆಯ ಮೇಲೆ ಒಂದು ಮಠವಿತ್ತು. ಅಲ್ಲಿದ್ದ ಸ್ವಾಮಿಗಳು, ನಮ್ಮ ಬಾಯಲ್ಲಿ ಅಜ್ಜನವರು, ದವಾಖಾನೆಯವರು ಕೈಬಿಟ್ಟ ರೋಗಿಗಳನ್ನು ಒಂಬತ್ತು ದಿನ ಎದುರಿಗೆ ಕೂರಿಸಿಕೊಂಡು, ಹೆಸರು ಹಿಡಿದು ಕರೆದು, ಹಣೆಗೆ ಭಸ್ಮ ಹಚ್ಚಿ ಗುಣಪಡಿಸುತ್ತಾರೆಂದು ನಮ್ಮ ಕಡೆಯ ಹಳ್ಳಿಗಳಲ್ಲಿ ನಂಬಿಕೆ. ಆದರೆ ದಾರಿ ದೂರ. ಚಕ್ಕಡಿಯಲ್ಲಿ ಒಂದೂವರೆ ದಿನ, ಆಮೇಲೆ ಹರಿಗೋಲು. ಹಾಸಿಗೆಯಿಂದ ಏಳಲಾರದವರು ಹೋಗುವುದು ಹೇಗೆ? ಅಂಥವರ ಬದಲಿಗೆ ಇನ್ನೊಬ್ಬರು ಹೋಗಬಹುದಿತ್ತು. ಆದರೆ ಹೋಗುವವಳು ರೋಗಿಯಾಗಿಯೇ ಹೋಗಬೇಕು. ರೋಗಿ ಉಟ್ಟುಬಿಟ್ಟ, ಒಗೆಯದ ಸೀರೆ ಉಡಬೇಕು, ಅವಳ ಬಳೆ ತೊಡಬೇಕು. ಹೊಸ್ತಿಲು ದಾಟಿದ ಮೇಲೆ ತಿರುಗಿ ಬರುವತನಕ ಅವಳ ಹೆಸರಿಗೇ ಓಗೊಡಬೇಕು. ನಡುವೆ ಯಾರಾದರೂ ಸ್ವಂತ ಹೆಸರು ಹಿಡಿದು ಕರೆದರೆ ಸೇವೆ ಅಲ್ಲಿಗೆ ಮುರಿಯಿತು. ನಮ್ಮೂರ ಹೆಂಗಸರ ಪರವಾಗಿ ಹೀಗೆ ಹೋಗುತ್ತಿದ್ದವಳು ಹೊನ್ನವ್ವ. ನಮಗೆ ರಕ್ತಸಂಬಂಧವಲ್ಲ, ಆದರೂ ಓಣಿಗೆಲ್ಲ ಹೊನ್ನತ್ತಿ.

ಅವಳು ಹನ್ನೊಂದನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ನಾನು ಹೇಳುವ ಈ ಕಾಲಕ್ಕೆ ನಲವತ್ತು ದಾಟಿತ್ತು. ಊರಲ್ಲಿ ಅವಳದು ಅಂಚಿಲ್ಲದ ಬಿಳಿ ಸೀರೆ, ಬರಿಗೈ, ಬರಿಹಣೆ. ಹೊಳೆಯ ದಾರಿ ಹಿಡಿದಾಗ ಮಾತ್ರ ಇಳಕಲ್ಲ ಸೀರೆ, ಮೊಳಕೈಯವರೆಗೆ ಹಸಿರು ಬಳೆ, ಹಣೆಯ ಮೇಲೆ ಕಾಸಿನಗಲ ಕುಂಕುಮ. ಚಕ್ಕಡಿ ಹತ್ತುವಾಗ ಬಾವಿಕಟ್ಟೆಯ ಹೆಂಗಸರು ಸುಮ್ಮನಿರುತ್ತಿರಲಿಲ್ಲ.

“ನೋಡ್ರೆ, ಮುಂಡಿ ಮತ್ತ ಮದುವಿಗೆ ಹೊಂಟಾಳ,” ಎಂದು ಒಬ್ಬಳು ಒಮ್ಮೆ ಅಂದಳು.

“ಹೌದವಾ,” ಎಂದಳು ಹೊನ್ನತ್ತಿ. “ನಿನಗೂ ಲಗೂನ ಜಡ್ಡು ಬರ್ಲಿ. ನಿನ್ನ ಪೆಟಗ್ಯಾಗಿನ ಜರಿ ಸೀರಿ ಮ್ಯಾಲೆ ಭಾಳ ದಿನದಿಂದ ನನ್ನ ಕಣ್ಣೈತಿ.”

ಕೆಲಸದ ವಿಷಯದಲ್ಲಿ ಅವಳು ಕಟ್ಟುನಿಟ್ಟು. ಒಂದು ಸಲ ಕಿವಿ ಕೇಳದ ಸೆಟ್ಟರ ತಾಯಿಯ ಪರವಾಗಿ ಹೋಗಿದ್ದಳು. ಹೊಳೆಯ ಈಚೆ ದಂಡೆಯಲ್ಲಿ ಸುಂಕದ ನಾಕಾ. ಅಲ್ಲಿ ದಾಟುವವರ ಹೆಸರು ಬರೆದುಕೊಳ್ಳುವ ಒಬ್ಬ ಕಾರಕೂನ. ಅವನು ಗಂಟಲು ಹರಿಯುವಂತೆ ಕೂಗಿದರೂ ಇವಳಿಗೆ ಕೇಳಲಿಲ್ಲ. ಹರಿಗೋಲು ನಟ್ಟನಡುವೆ ಬಂದಾಗ ಅಂಬಿಗ ಇವಳನ್ನು ಪರೀಕ್ಷೆ ಮಾಡಲೆಂದು, ಮೆಲ್ಲನೆ, ತನ್ನಷ್ಟಕ್ಕೆ ಎಂಬಂತೆ, “ತಳದಾಗ ತೂತು ಬಿದ್ದೈತಿ” ಎಂದನಂತೆ. ಉಳಿದವರೆಲ್ಲ ಬೊಬ್ಬೆ ಹಾಕಿ ಎದ್ದು ನಿಂತರು. ಹೊನ್ನತ್ತಿ ನೀರು ನೋಡುತ್ತ ಕೂತೇ ಇದ್ದಳು.

“ಖರೇನ ತೂತು ಬಿದ್ದಿದ್ರ ಏನ ಮಾಡ್ತಿದ್ದಿ ಅತ್ತಿ?” ಎಂದು ನಾವು ಕೇಳಿದೆವು.

“ಸೆಟ್ಟರವ್ವ ಹೆಂಗ ಮುಳುಗತಿದ್ಲೋ ಹಂಗ ಮುಳುಗತಿದ್ದೆ,” ಎಂದಳು.

ಅದೇ ವರ್ಷದ ಚಳಿಗಾಲದಲ್ಲಿ ನನ್ನ ಅಕ್ಕ ಗಂಗವ್ವ ತವರಿಗೆ ಬಂದಳು. ಅವಳನ್ನು ಕುಷ್ಟಗಿ ಕಡೆಗೆ ಕೊಟ್ಟಿದ್ದೆವು. ವಯಸ್ಸು ಇಪ್ಪತ್ತಾರು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಕೊಪ್ಪಳದ ದವಾಖಾನೆಯಲ್ಲಿ ಕ್ಷಯ ಎಂದರು. ಆಗ ಅದಕ್ಕೆ ಔಷಧವಿರಲಿಲ್ಲ. ತಾಟು, ತಂಬಿಗೆ ಬೇರೆ ಇಡಿ ಎಂದು ಹೇಳಿ ಕಳಿಸಿದರು. ನಾವು ಬೇರೆ ಇಟ್ಟೆವು. ಸೀರೆಯ ಬಗ್ಗೆ ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಹೊನ್ನತ್ತಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಅಕ್ಕನ ಮಗ್ಗುಲಲ್ಲಿ ಕೂತಳು. ಅವಳ ಪದ್ಧತಿಯೇ ಅದು.

“ಎಲ್ಲಿ ನೂಸತೈತಿ ಅಂತ ಕೇಳವಲ್ಲಿ?” ಎಂದಳು ಅಕ್ಕ.

“ಅದನ್ನ ಅಜ್ಜಾರು ಕೇಳ್ತಾರ. ನೀ ಸುಮ್ನ ಇರು, ನಾ ನೋಡ್ತೀನಿ.”

ನೋಡಿ ಅವಳು ಕಂಡುಕೊಂಡದ್ದು ಇದು: ಕೆಮ್ಮು ಬರುವ ಮುನ್ನ ಅಕ್ಕ ಎಡಗೈಯಲ್ಲಿ ಸೆರಗಿನ ತುದಿಯನ್ನು ಮುಷ್ಟಿ ಮಾಡಿ ಹಿಡಿಯುತ್ತಿದ್ದಳು. ಎರಡು ತಿಂಗಳು ಅವಳ ಸೇವೆ ಮಾಡಿದ್ದ ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಸಂಜೆ ಹೊನ್ನತ್ತಿ ಪಡಸಾಲೆಗೆ ಬಂದು ಒಮ್ಮೆ ಕೆಮ್ಮಿದಳು. ಅಡಿಗೆ ಮನೆಯಲ್ಲಿದ್ದ ಅವ್ವ ನೀರಿನ ತಂಬಿಗೆ ಹಿಡಿದುಕೊಂಡು ಪಡಸಾಲೆಗೇ ಓಡಿ ಬಂದಳು. ಒಳಗಿನಿಂದ ಅಕ್ಕ ನಕ್ಕಳು.

“ನಾ ಇಷ್ಟು ಕೆಟ್ಟ ಕೆಮ್ಮತೀನೇನ ಅತ್ತಿ?”

“ಇಲ್ಲಬೆ. ನಾ ಒಂಚೂರು ಛಲೋ ಮಾಡೀನಿ.”

“ಹಂಗಾರ ನನ್ನ ಹಂಗ ನಗೂದೂ ಕಲಕೊಂಡು ಹೋಗು. ಒಂಬತ್ತು ದಿನ ಬರೇ ಕೆಮ್ಮಿಕೋತ ಕುಂದರಬ್ಯಾಡ. ಅಲ್ಲಿ ಮಂದಿ ಗಂಗವ್ವ ಅಂದ್ರ ಇಷ್ಟೇ ಅನಕೋತಾರ.”

ಮರುದಿನ ಹೊನ್ನತ್ತಿ ಅಕ್ಕನ ಕೆಂಪಂಚಿನ ಸೀರೆಯುಟ್ಟು ಹೊಸ್ತಿಲು ದಾಟಿದಳು. ಅವ್ವ ಹಿಂದಿನಿಂದ “ಹುಷಾರಾಗಿ ಬಾ, ಗಂಗವ್ವಾ” ಎಂದಳು. ಅಕ್ಕ ಒಳಗೆ ಹಾಸಿಗೆಯ ಮೇಲಿದ್ದಳು. ಗುಣವಾದರೆ ಯುಗಾದಿಗೆ ಗಂಡನ ಮನೆಗೆ ಹೋಗುತ್ತೇನೆಂದು ಅವಳು ಅಜ್ಜನವರಿಗೆ ಹೇಳಿ ಕಳಿಸಿದ್ದಳು. ನಮ್ಮ ಮನೆಯವರ ಆಸೆಯೆಲ್ಲ ಆ ಚಕ್ಕಡಿಯಲ್ಲಿ ಹೋಯಿತು.

ಹೊನ್ನತ್ತಿ ಹೋದ ಆರನೆಯ ದಿನ ಬೆಳಿಗ್ಗೆ ಅಕ್ಕ ತೀರಿಕೊಂಡಳು. ಅದೇ ದಿನ ಮಧ್ಯಾಹ್ನ ಮಣ್ಣು ಮಾಡಿದೆವು. ಮರುದಿನ ಅಪ್ಪ ನನ್ನನ್ನು ಕರೆದರು.

“ಹೊಳಿ ದಾಟಿ ಹೋಗು. ಅಲ್ಲಿ ಆಕಿಗೆ ಏನೂ ಬಿಡಿಸಿ ಹೇಳಬ್ಯಾಡ. ಹೊನ್ನವ್ವಾ ಅಂತ ಹೆಸರು ಹಿಡದು ಕರಿ, ಸಾಕು. ಆಕಿ ತಿಳಕೋತಾಳ.”

ಹಿಟ್ನಾಳದಲ್ಲಿ ಒಂದು ರಾತ್ರಿ ತಂಗಿ, ಹೊಳೆ ದಾಟಿ, ಮಠ ಮುಟ್ಟಿದಾಗ ಮರುದಿನದ ಸಂಜೆ. ಅಂಗಳದ ಚಪ್ಪರದ ಕೆಳಗೆ ಎಂಟು ಮಂದಿ ಹೆಂಗಸರು ಸಾಲಾಗಿ ಕೂತಿದ್ದರು. ಮಠದ ಆಳೊಬ್ಬ ಹೆಸರು ಕೂಗುತ್ತಿದ್ದ. “ಗಂಗವ್ವ, ಇರಕಲ್ಲಗಡ!” ಎಂದ.

“ಅದೀನ್ರಿ,” ಎಂದು ದನಿ ಬಂತು.

ಸಾಲಿನ ಕೊನೆಯಲ್ಲಿ ಕೆಂಪಂಚಿನ ಸೀರೆ. ಬೆನ್ನು ನನ್ನ ಕಡೆಗಿತ್ತು. ಎಡಗೈ ಸೆರಗನ್ನು ಹಿಡಿಯಿತು. ಆಮೇಲೆ ಕೆಮ್ಮು ಬಂತು. ಎರಡು ದಿನದ ಹಿಂದೆ ನಾನು ಹಿಡಿ ಮಣ್ಣು ಹಾಕಿ ಬಂದಿದ್ದ ಆ ಕೆಮ್ಮು. ನಾನು ಚಪ್ಪರದ ಕಂಬ ಹಿಡಿದು ನಿಂತೆ. ಅಪ್ಪ ಹೇಳಿದ ಹೆಸರು ಬಾಯಲ್ಲೇ ಇತ್ತು.

“ಯಾರು ಬೇಕೋ ತಮ್ಮಾ?” ಎಂದ ಆಳು.

ಅವಳು ತಿರುಗಿ ನೋಡಿದಳು. ನಾನು “ಅಕ್ಕಾ” ಎಂದೆ.

ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು, ಮತ್ತೆ ಮುಖ ನೋಡಿದಳು. “ಬಂದೇನಪಾ ತಮ್ಮಾ? ಬಾ, ಕುಂದ್ರು. ಉಂಡಿಲ್ಲ ಕಾಣತೈತಿ,” ಎಂದಳು.

ಸೇವೆಯಲ್ಲಿ ಇನ್ನೂ ಎರಡು ದಿನ ಉಳಿದಿತ್ತು. ಆ ಎರಡು ದಿನ ನಾನು ಅಲ್ಲಿಯೇ ಇದ್ದೆ. ಬೆಳಿಗ್ಗೆ ಅಜ್ಜನವರು “ಗಂಗವ್ವಾ” ಎಂದು ಕರೆದು ಅವಳ ಹಣೆಗೆ ಭಸ್ಮ ಹಚ್ಚಿದರು. ಅವಳು ಎದೆಯ ನೋವು ಕಡಿಮೆಯಾಗಿದೆ ಎಂದಳು. ನನ್ನ ಕೂದಲು ಬೆಳೆದಿದೆ ಎಂದು ಬೈದಳು. ಅಕ್ಕ ಬೈಯುತ್ತಿದ್ದುದೂ ಅದಕ್ಕೇ. ಮಠದ ಪ್ರಸಾದದಲ್ಲಿ ಬೆಲ್ಲದ ಚೂರು ಬಂದರೆ ನನ್ನ ಎಲೆಗೆ ಹಾಕಿದಳು. ನಾನು ಒಮ್ಮೆ, ಯಾರೂ ಹತ್ತಿರವಿಲ್ಲದಾಗ, “ಒಂದು ಸಲ ನಗು ಅಕ್ಕಾ” ಎಂದು ಕೇಳಿದೆ. ನಕ್ಕಳು. ಅದು ಪೂರ್ತಿ ಸರಿಹೋಗಲಿಲ್ಲ. ನಗು ಮುಗಿದ ಮೇಲೆ ಅಕ್ಕ ಮೂಗಿನಿಂದ ಉಸಿರು ಬಿಡುತ್ತಿದ್ದಳು. ಅದನ್ನು ಇವಳು ಕಲಿತಿರಲಿಲ್ಲ. ಕೆಮ್ಮು ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದನ್ನು ಕೇಳಲು ನಾನು ಅವಳ ಹತ್ತಿರ ಹತ್ತಿರ ಕೂರುತ್ತಿದ್ದೆ. ಮತ್ತೆ ಯಾವಾಗ ಕೆಮ್ಮುತ್ತಾಳೆಂದು ಕಾಯುತ್ತಿದ್ದೆ. ಇದನ್ನು ಬರೆಯುವುದು ಕಷ್ಟ. ಆದರೆ ಕಾದದ್ದು ನಿಜ.

ತಿರುಗಿ ಬರುವಾಗ, ಹರಿಗೋಲು ನಡುಹೊಳೆ ದಾಟಿದ ಮೇಲೆ, ನಾನು ನೀರಿನ ಕಡೆ ನೋಡುತ್ತ “ಹೊನ್ನತ್ತಿ” ಎಂದೆ.

“ಯಾವತ್ತು?” ಎಂದಳು.

“ಐದು ದಿನ ಆತು.”

“ಹೂಂ. ನನಗ ಗೊತ್ತಾಗಿತ್ತಪಾ.”

“ಹೆಂಗ?”

“ನೀ ಬರಿಗೈಲೆ ಬಂದಿದ್ದಿ. ನಿಮ್ಮವ್ವ ಬುತ್ತಿ ಕಟ್ಟದೇ ಯಾರನ್ನೂ ಊರ ದಾಟಸಾಕಿ ಅಲ್ಲ. ಮನ್ಯಾಗ ಒಲಿ ಹಚ್ಚಿಲ್ಲ ಅಂತ ಆವಾಗನ ತಿಳೀತು.”

“ಮತ್ಯಾಕ ಸುಮ್ನಿದ್ದಿ?”

“ನೀ ಅಕ್ಕಾ ಅಂದಿ,” ಎಂದಳು ಹೊನ್ನತ್ತಿ. “ಇಲ್ಲ ಅನ್ನಾಕ ನಾ ಯಾರು?”

ಆಮೇಲೆ ಅವಳು ಬಳೆಗಳನ್ನು ಒಂದೊಂದಾಗಿ, ಒಡೆಯದ ಹಾಗೆ ಕೈ ಮಡಿಸಿ ಇಳಿಸಿ ನನ್ನ ಟವೆಲಿನಲ್ಲಿ ಕಟ್ಟಿ ಕೊಟ್ಟಳು. ಹಣೆಯ ಕುಂಕುಮವನ್ನು ಹೊಳೆಯ ನೀರಿನಿಂದ ತಾನೇ ತೊಳೆದುಕೊಂಡಳು. ಅಂಬಿಗ ಬೇರೆ ಕಡೆ ನೋಡುತ್ತ ಹುಟ್ಟು ಹಾಕುತ್ತಿದ್ದ.

ಊರಿಗೆ ಬಂದ ಮೇಲೆ ಹೊನ್ನತ್ತಿ ಮತ್ತೆ ಬಿಳಿ ಸೀರೆಯುಟ್ಟಳು. ಅಕ್ಕನ ಸೀರೆ ಒಗೆದು ತಂದುಕೊಟ್ಟಳು. ಕೆಮ್ಮು ಮಾತ್ರ ಹೋಗಲಿಲ್ಲ. ಮೊದಮೊದಲು ಓಣಿಯವರು, “ಸಾಕು ಮಾಡಬೆ ಹೊನ್ನತ್ತಿ, ಸತ್ತಾಕಿದ ಕೆಮ್ಮು ಇನ್ನೂ ಯಾಕ ಇಟಗೊಂಡಿ?” ಎನ್ನುತ್ತಿದ್ದರು. ಅವಳು ನಗುತ್ತಿದ್ದಳು. ಶ್ರಾವಣದ ಹೊತ್ತಿಗೆ ಯಾರೂ ಹಾಗೆ ಅನ್ನುವುದನ್ನು ಬಿಟ್ಟರು. ಅದು ಯಾವತ್ತಿನವರೆಗೆ ಅಕ್ಕನ ಕೆಮ್ಮಾಗಿತ್ತು, ಯಾವತ್ತಿನಿಂದ ಅವಳದಾಯಿತು ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಮಠದ ಚಪ್ಪರದಲ್ಲಿ ನಾನು ಆಸೆಯಿಂದ ಕೇಳಿದ್ದು ಯಾರದು? ಹೇಳಲಾರೆ.

ಮರುವರ್ಷ ಬೇಸಿಗೆಗೆ ಅವಳು ಹಾಸಿಗೆ ಹಿಡಿದಳು. ಅವಳ ಪರವಾಗಿ ಹೋಗಲು ಊರಲ್ಲಿ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ. ನಾನು ಚಕ್ಕಡಿ ಹೂಡುತ್ತೇನೆ, ನೀನೇ ಹೋಗು ಎಂದೆ.

“ನನ್ನ ಹೆಸರಿಲೆ ನಾ ಒಮ್ಮೆನೂ ಹೋಗಿಲ್ಲಲೋ,” ಎಂದಳು. “ಅಜ್ಜಾರ ಮುಂದ ಹೆಂಗ ಕುಂದರಬೇಕು ಅಂತನ ಗೊತ್ತಿಲ್ಲ.”

ಕೊನೆಗೆ ಒಪ್ಪಿದಳು. ಅವಳಣ್ಣನೂ ಜೊತೆಗೆ ಬಂದ. ದಾರಿಯುದ್ದಕ್ಕೂ ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದ್ದೆವು. ಆದರೆ ನಾಕಾ ಹತ್ತಿರ ಬಂದಾಗ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಅದೇ ಕಾರಕೂನ ಇದ್ದ. ಅವಳನ್ನು ಕಂಡು ಅವನಿಗೆ ಖುಷಿಯಾಯಿತು.

“ಏನ ಬಾಯಿ, ಭಾಳ ದಿನಕ್ಕ ಬಂದಿ! ಈ ಸಲ ಯಾರು?”

“ಹೊನ್ನವ್ವ ಅಂತ ಬರಕೋರಿ.”

“ಹೊಸಾ ಹೆಸರು. ಯಾರೀ ಹೊನ್ನವ್ವ?”

“ನಮ್ಮೂರಾಕೀನ ರೀ. ನೀವು ನೋಡಿಲ್ಲ.”

“ಭಾಳ ಜಡ್ಡೇನು?”

“ಭಾಳ್ರಿ.”

ಅವನು ಬರೆದುಕೊಂಡ. ಲೇಖನಿ ಇಟ್ಟು ಅವಳನ್ನೇ ನೋಡಿ ತಲೆದೂಗಿದ. “ಎಷ್ಟು ಛಲೋ ಮಾಡ್ತಿ ಬಾಯಿ! ಥೇಟ ಜಡ್ಡಿನವರಂಗ ಕಾಣ್ತಿ.”

“ಮಾಡಿ ಮಾಡಿ ರೂಢಿ ಆಗೇತ್ರಿ,” ಎಂದಳು ಹೊನ್ನತ್ತಿ.

ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿ ಬೇಡ ಎಂದು ಕಣ್ಣಲ್ಲೇ ಹೇಳಿದಳು.

ಎತ್ತುಗಳನ್ನು ನೋಡಿಕೊಳ್ಳಲು ನಾನು ಈಚೆ ದಂಡೆಯಲ್ಲಿ ಉಳಿದೆ. ಆರು ದಿನಕ್ಕೆ ಅವಳಣ್ಣ ಒಬ್ಬನೇ ತಿರುಗಿ ಬಂದ. ಆ ದಂಡೆಯಲ್ಲೇ ಮಣ್ಣು ಮಾಡಿದೆವು ಎಂದ. ಹಾಗಾಗಿ ನಾನು ಅವಳನ್ನು ಕೊನೆಗೆ ಕಂಡದ್ದು ಹೊಳೆಯ ಮೇಲೆ. ಹರಿಗೋಲು ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತ ಹೋಗುತ್ತದೆ. ಅವಳ ಮುಖ ಒಮ್ಮೆ ನನ್ನ ಕಡೆ, ಒಮ್ಮೆ ಆಚೆ ದಂಡೆಯ ಕಡೆ ತಿರುಗುತ್ತಿತ್ತು. ನನ್ನ ಕಡೆ ತಿರುಗಿದಾಗಲೆಲ್ಲ ನಾನು ಕೈ ಎತ್ತಿದೆ. ನಾಲ್ಕು ಸಲ ಎತ್ತಿದ್ದು ನೆನಪಿದೆ. ಐದನೆಯ ಸಲಕ್ಕೆ ಅದು ಅವಳ ಮುಖವೋ ಬೆನ್ನೋ ತಿಳಿಯಲಿಲ್ಲ. ಆದರೂ ಎತ್ತಿದೆ.